ವಾರಗಿತ್ತಿಯ ಒಂದೇ ಗೆರೆ

ಆ ಮನೆಯ ಹಿರಿಸೊಸೆಗೂ ಕಿರಿಸೊಸೆಗೂ ಅಡುಗೆಮನೆ ಒಂದೇ, ದುಡಿಯುವ ಪ್ರಯೋಗಾಲಯವೂ ಒಂದೇ. ಮೈಯೊಳಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಎಲ್ಲಕ್ಕಿಂತ ಮೊದಲು ಗುರುತು ಹಿಡಿಯುವ ಪ್ರೋಟೀನೊಂದರ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಅದೊಂದಕ್ಕೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯವನ್ನು ಮೊಲದ ರಕ್ತದಿಂದ ತಯಾರಿಸಿಕೊಂಡರೆ ಮಾತ್ರ ಅದರ ಸುಳಿವು ಸಿಗುತ್ತದೆ. ಹಿರಿಯವಳು ಮದುವೆಗೆ ಮುಂಚಿನಿಂದಲೂ ಮಾಡುತ್ತಿದ್ದುದು ಇದೇ ಕೆಲಸ. ಕಿರಿಯವಳನ್ನು ಅಲ್ಲಿಗೆ ಸೇರಿಸಿ, ಹನಿ ಅಳೆದು ಹಾಕುವ ಪಿಪೆಟ್ ಹಿಡಿಯಲು ಕಲಿಸಿದವಳೂ ಅವಳೇ.

ಈ ಸಲ ಇಬ್ಬರೂ ಒಂದೊಂದು ಮೊಲದಿಂದ ಪ್ರತಿಕಾಯ ತಯಾರಿಸಿದ್ದರು. ಹಿರಿಯವಳದೋ, ಊರವರೆಲ್ಲ ತನ್ನ ನೆಂಟರೇ ಎನ್ನುವ ಜಾಯಮಾನದ್ದು. ಕಂಡಕಂಡ ಪ್ರೋಟೀನಿಗೆಲ್ಲ ಅಂಟಿಕೊಂಡು ಪರೀಕ್ಷೆಯ ಹಾಳೆಯ ತುಂಬ ಕಪ್ಪು ಗೆರೆ ಎಳೆಯುತ್ತಿತ್ತು. ಕಿರಿಯವಳದು ತೋರಿಸಿದ್ದು ಒಂದೇ ಗೆರೆ, ಬೇಕಾದ ಜಾಗದಲ್ಲೇ, ಕಾಡಿಗೆ ತೀಡಿದಂತೆ.

"ಏನು ಕೈಗುಣಮ್ಮ ನಿಂದು," ಎಂದರು ಪ್ರಯೋಗಾಲಯದ ಮುಖ್ಯಸ್ಥರು.

ಹಿರಿಯವಳೂ ಎಲ್ಲರೊಂದಿಗೆ ನಕ್ಕಳು. ನಗುತ್ತಲೇ ತನ್ನ ಹಾಳೆಯನ್ನು ಪುಸ್ತಕದಡಿಗೆ ಸರಿಸಿದಳು. ಸಂಜೆ ಅತ್ತೆ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು: "ನಮ್ಮ ಚಿಕ್ಕವಳು ಬುದ್ಧಿವಂತೆ. ದೊಡ್ಡವಳು ಪಾಪ, ಕಷ್ಟಪಡ್ತಾಳೆ." ಆ 'ಪಾಪ' ಎಂಬ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು.

"ಅವಳ ಮೊಲ ಚೆನ್ನಾಗಿತ್ತು, ಅಷ್ಟೇ," ಎಂದಳು ಗಂಡನ ಹತ್ತಿರ.

"ನಿನ್ನ ಮೊಲಾನೂ ಅದೇ ಗೂಡಿಂದೇ ಅಲ್ವಾ?" ಎಂದ ಅವನು. ಅವತ್ತು ಅವನು ತಾನೇ ಬಡಿಸಿಕೊಂಡು ಉಂಡ.

ಆ ಪ್ರೋಟೀನೇ ಇಲ್ಲದಂತೆ ಮಾಡಿದ ಜೀವಕೋಶಗಳು ಫ್ರೀಜರಿನ ಮೂಲೆಯಲ್ಲಿದ್ದವು. ಅವುಗಳಲ್ಲೂ ಕಿರಿಯವಳ ಗೆರೆ ಮೂಡಿದರೆ, ಪ್ರತಿಕಾಯ ಅಂಟಿಕೊಂಡಿರುವುದು ಬೇರೆ ಯಾವುದಕ್ಕೋ ಎಂದೇ ಅರ್ಥ. ಹಿರಿಯವಳು ಯಾರಿಗೂ ಹೇಳದೆ ಆ ಕೋಶಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆಳೆಸಿದಳು. ಪರೀಕ್ಷೆಯ ದಿನ, ಗೆರೆ ಮೂಡಲಿ, ಮಸುಕಾಗಿಯಾದರೂ ಮೂಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮಾಮೂಲಿ ಕೋಶಗಳಲ್ಲಿ ಗೆರೆ ಅಚ್ಚೊತ್ತಿದಂತೆ ಬಂತು. ಪ್ರೋಟೀನಿಲ್ಲದ ಕೋಶಗಳ ಜಾಗ ಖಾಲಿ. ಕಣ್ಣುಜ್ಜಿಕೊಂಡು ನೋಡಿದರೂ ಖಾಲಿ. ಹಾಳೆಯನ್ನು ಮುದುರಬೇಕು ಎನ್ನುವಷ್ಟರಲ್ಲಿ ಮುಖ್ಯಸ್ಥರು ಬೆನ್ನ ಹಿಂದೆ ನಿಂತಿದ್ದರು.

"ಇದನ್ನ ಮುಂದಿನ ತಿಂಗಳು ಮಾಡಿಸೋಣ ಅಂತಿದ್ದೆ, ನೀನೇ ಮುಗಿಸಿಬಿಟ್ಟಿದೀಯ. ಇನ್ನು ನಿನ್ನ ವಾರಗಿತ್ತಿ ಕೆಲಸದ ಕಡೆ ಯಾರೂ ಬೊಟ್ಟು ಮಾಡೋ ಹಾಗಿಲ್ಲ."

ಕಿರಿಯವಳು ಓಡಿಬಂದು ಅವಳ ಕೈ ಹಿಡಿದುಕೊಂಡಳು. "ನಂಗೋಸ್ಕರ ಇಷ್ಟೆಲ್ಲ ಮಾಡಿದ್ರಾ ಅಕ್ಕ?"

"ನಿಂಗೋಸ್ಕರ ಅಲ್ಲ," ಎಂದಳು ಹಿರಿಯವಳು. ಅವಳು ಹೇಳಿದ್ದು ಅಪ್ಪಟ ನಿಜ. ಕಿರಿಯವಳು ಅದನ್ನು ದೊಡ್ಡತನ ಎಂದುಕೊಂಡಳು.

ಪ್ರಕಟವಾದ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು, ಕಿರಿಯವಳದು ಮೊದಲು. ಬೇರೆ ಪ್ರಯೋಗಾಲಯಗಳವರು ಆ ಪ್ರತಿಕಾಯಕ್ಕಾಗಿ ದುಂಬಾಲು ಬಿದ್ದರು. ಕಿರಿಯವಳು ಹೆರಿಗೆ ರಜೆಯಲ್ಲಿದ್ದುದರಿಂದ ಅದನ್ನು ಪುಟ್ಟ ಶೀಷೆಗಳಿಗೆ ತುಂಬಿ ಕಳಿಸುವ ಕೆಲಸ ಹಿರಿಯವಳ ಪಾಲಿಗೆ ಬಂತು. ಒಂದು ಹನಿಯೂ ಹೆಚ್ಚುಕಡಿಮೆಯಾಗದಂತೆ ತುಂಬುತ್ತಿದ್ದಳು. ಹೊಟ್ಟೆಕಿಚ್ಚು ಆರಿರಲಿಲ್ಲ. ಮುಚ್ಚಳಗಳನ್ನು ಮಾತ್ರ ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ ತಿರುಗಿಸುತ್ತಿದ್ದಳು.