ಉಡಿಯಲ್ಲಿ ಬೇರು, ಬಾಯಿಗೆ ಬೀಗ

ದಸರೆಯ ಬನ್ನಿ ಹಂಚಿ ಮುಗಿಯಿತೆಂದರೆ ಸೋಮವ್ವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬಾದಾಮಿಯಿಂದ ಮಹಾಕೂಟದವರೆಗಿನ ಕೆಂಪುಗಲ್ಲಿನ ಗುಡ್ಡವೆಲ್ಲ ಹಸಿರು ಹೊದ್ದು ಕೂತಿರುವ ಹೊತ್ತು ಅದು. ಗಂಡ ಅಮಸಿದ್ದಪ್ಪ ಕುರಿ ಹೊಡೆದುಕೊಂಡು ಒಂದು ದಿಕ್ಕಿಗೆ ಹೋದರೆ, ಈಕೆ ಬುಟ್ಟಿ ಹೊತ್ತು ಇನ್ನೊಂದು ದಿಕ್ಕಿಗೆ. ಕಣ್ಣು ಬಿಟ್ಟ ಸೀತಾಫಲ, ನವಿಲು ಉದುರಿಸಿದ ಗರಿ, ದೀಪಾವಳಿಗೆ ಸಗಣಿಯಲ್ಲಿ ಮಾಡುವ ಪಾಂಡವರಿಗೆ ಸಿಗಿಸಲು ಉತ್ತರಾಣಿ ಕಡ್ಡಿ, ತಂಗಡಿ ಹೂ. ಗುಡ್ಡ ಕೊಟ್ಟದ್ದೆಲ್ಲ ಬುಟ್ಟಿಗೆ.

ಆದರೆ ಎಪ್ಪತ್ತೆಂಟನೇ ಇಸವಿಯ ಆ ಮುಂಜಾನೆ ಆಕೆ ಬುಟ್ಟಿ ಒಯ್ದಿರಲಿಲ್ಲ. ಬಾಣಂತನಕ್ಕೆ ಬಂದ ಮಗಳು ಪದ್ಮವ್ವನಿಗೆ ಎದೆಹಾಲು ಇಳಿದಿರಲಿಲ್ಲ. ಆಡಿನ ಹಾಲನ್ನು ಅರಳೆಯಲ್ಲಿ ಅದ್ದಿ ಬಾಯಿಗಿಟ್ಟರೆ ಕೂಸು ಕಾರಿಕೊಳ್ಳುತ್ತಿತ್ತು. ಅದರ ಅಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಪದ್ಮವ್ವನ ಮೊದಲ ಕೂಸೂ ಹೀಗೆಯೇ ಸೊರಗಿ ಹೋಗಿತ್ತು. ಇನ್ನು ಉಳಿದದ್ದು ಹಲವು ಮಕ್ಕಳ ತಾಯಿ ಬೇರು ಒಂದೇ. ಬಳ್ಳಿಯ ಬುಡದಲ್ಲಿ ಬೆರಳುಗಳ ಹಾಗೆ ಗೊಂಚಲಾಗಿ ಇಳಿದಿರುವ ಆ ಬೇರನ್ನು ಹಾಲಿನಲ್ಲಿ ಕುದಿಸಿ ಕುಡಿಸಿದರೆ ಬಾಣಂತಿಗೆ ಹಾಲು ಬರುತ್ತದೆ ಎಂದು ಆ ಕಡೆಯವರ ನಂಬಿಕೆ.

ಅದನ್ನು ತರುವುದಕ್ಕೊಂದು ರೀತಿ ಇತ್ತು. ಹಿಂದಿನ ಸಂಜೆಯೇ ಹೋಗಿ, ಬಳ್ಳಿಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ, "ನಾಳಿ ಬರ್ತೇನಿ, ನನ್ನ ಜೋಡಿ ಬಾರವ್ವಾ" ಎಂದು ಕರೆದು ಬರಬೇಕು. ಮರುದಿನ ಅಗೆದು ಉಡಿಯಲ್ಲಿ ಕಟ್ಟಿಕೊಂಡ ಮೇಲೆ ಮನೆಯ ಹೊಸ್ತಿಲು ದಾಟುವತನಕ ಪಿಟ್ಟೆನ್ನಬಾರದು. ಮಾತಾಡಿದರೆ ತಾಯಿ ಗುಡ್ಡಕ್ಕೆ ತಿರುಗಿ ಹೋಗುತ್ತಾಳೆ, ಉಡಿಯಲ್ಲಿ ಉಳಿಯುವುದು ಬರೀ ಕಸ. ಸೋಮವ್ವನಿಗೆ ಅತ್ತೆ ಹೇಳಿದ್ದು, ಅತ್ತೆಗೆ ಆಕೆಯ ಅತ್ತೆ ಹೇಳಿದ್ದು.

ಬೇರು ಉಡಿಗೇರಿತ್ತು. ತುಟಿ ಬಿಗಿಹಿಡಿದು ಇಳಿಯುತ್ತಿದ್ದ ಸೋಮವ್ವನಿಗೆ ಕೆಳಗಿನ ಬಂಡೆಯ ಹತ್ತಿರ ರಾಜಮಹ್ಮದ ಕಂಡ. ಬಾದಾಮಿಯಲ್ಲಿ ಟಾಂಗಾ ಹೊಡೆಯುವವನು, ಹಂಗಾಮಿನಲ್ಲಿ ಸೀತಾಫಲಕ್ಕೆ ಬರುವವನು. ಯಾವ ಗಿಡ ಯಾರದೆಂದು ಇಬ್ಬರಿಗೂ ಪ್ರತಿ ವರ್ಷ ಜಗಳ. ಬಂಡೆಯ ಮೇಲಿನ ಗಿಡಕ್ಕೆ ಏರಲು ಅವನು ತಲೆಯ ಮೇಲೆ ಕೈಚಾಚಿ ಹಿಡಿಕೆ ತಡಕಾಡುತ್ತಿದ್ದ. ಆ ಕೈಯಿಂದ ಗೇಣು ದೂರದಲ್ಲಿ, ಅವನಿಗೆ ಕಾಣದಂತೆ, ಬಿಸಿಲಿಗೆ ಸುರುಳಿ ಸುತ್ತಿ ಮಲಗಿತ್ತು ಕೊಳಕಮಂಡಲ ಹಾವು.

ಸೋಮವ್ವ ಕಲ್ಲೆತ್ತಿ ಒಗೆದಳು. ಅದು ಅವನ ಕಾಲ ಬಳಿ ಬಿತ್ತು.

"ಕಲ್ಲ ಒಗಿತಿಯೇನ ಅಕ್ಕಾ? ಈ ಗಿಡಾ ನಿಮ್ಮಪ್ಪ ಹಚ್ಯಾನೇನ?" ಅವನು ನಕ್ಕ.

ಚಪ್ಪಾಳೆ ತಟ್ಟಿದಳು. ಎರಡೂ ಕೈ ಬೀಸಿ ಹಿಂದೆ ಸರಿ ಎಂದಳು.

"ಬಾಯಾಗ ಎಲಿಅಡಿಕಿ ತುಂಬ್ಕೊಂಡಿಯೇನ? ಬೈಯಾಕಿದ್ರ ಬೈ! ನೀ ಬೈಲಿಲ್ಲಂದ್ರ ಹಣ್ಣ ರುಚಿ ಹತ್ತಂಗಿಲ್ಲ ನನಗ." ಹಾಗೆನ್ನುತ್ತಲೇ ಕೈಯನ್ನು ಇನ್ನಷ್ಟು ಮೇಲೆ ಚಾಚಿದ.

ಸೋಮವ್ವನ ಒಂದು ಕೈ ಉಡಿಯನ್ನು ಅವುಚಿತು. ಕೂಸಿನ ಸಣ್ಣ ಮೋರೆ ಕಣ್ಣೆದುರು ಬಂತು. ಮರುಗಳಿಗೆ ಗುಡ್ಡವೇ ಬೆಚ್ಚುವಂತೆ ಕೂಗಿಬಿಟ್ಟಳು: "ರಾಜಾ! ಕೈ ತಗಿಯೋ! ಹಾವೋ!"

ಅವನು ಕೈ ಕಿತ್ತುಕೊಂಡು ಜಾರಿ ಮುಳ್ಳುಕಂಟಿಗೆ ಬಿದ್ದ. ಮೇಲೆ ಹಾವು ಕಮ್ಮಾರನ ತಿದಿಯ ಹಾಗೆ ಬುಸುಗುಟ್ಟಿತು.

ಸೋಮವ್ವ ನಿಲ್ಲಲಿಲ್ಲ. ಮತ್ತೆ ಕರೆದು, ಮತ್ತೆ ಅಗೆದು ತರಬೇಕೆಂದರೆ ನಾಳೆಯಾಗುತ್ತದೆ. ಕೂಸು ನಾಳೆಯವರೆಗೆ ತಡೆಯುತ್ತದೆಯೇ?

ಹೊಸ್ತಿಲು ದಾಟಿದೊಡನೆ ಪದ್ಮವ್ವ ಕೇಳಿದಳು: "ಯವ್ವಾ, ಹಾದ್ಯಾಗ ಯಾರ ಜೋಡಿನೂ ಮಾತಾಡಿಲ್ಲ ಹೌದಿಲ್ಲೋ?"

"ಇಲ್ಲಬೇ," ಎಂದಳು ಸೋಮವ್ವ. ಮಗಳ ಮುಖ ನೋಡದೆ ಒಲೆಗೆ ಪುಳ್ಳಿ ಒಟ್ಟಿದಳು.

ಬೇರು ಕುದಿಯುತ್ತಿರುವಾಗಲೇ ಅಂಗಳದಲ್ಲಿ ದನಿ ಕೇಳಿತು. ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತ ರಾಜಮಹ್ಮದ! ಸೋಮವ್ವ ಹಾಲು ತಿರುವುತ್ತಿದ್ದ ಹುಟ್ಟು ಹಿಡಿದುಕೊಂಡೇ ಬಾಗಿಲಿಗೆ ಓಡಿ, ತುಟಿಯ ಮೇಲೆ ಬೆರಳಿಟ್ಟು, ಹೋಗು ಹೋಗೆಂದು ಕೈಸನ್ನೆ ಮಾಡಿದಳು.

"ಯಾ ಅಲ್ಲಾ! ಮತ್ತ ಕೈಸನ್ನಿ ಸುರು ಮಾಡಿದಿ? ಈಗೆಲ್ಲೈತಿ ಹಾವು?" ಅವನು ಕಾಲ ಕೆಳಗೆ ನೋಡಿಕೊಂಡು ಒಂದು ಮಾರು ಹಾರಿದ. "ಪದ್ಮವ್ವಾ, ನಿಮ್ಮವ್ವ ಒದರಿದ್ದಕ್ಕ ಇವತ್ತ ನಾ ಉಳದೇನಿ ನೋಡವ್ವಾ!"

ಪದ್ಮವ್ವ ತಾಯಿಯತ್ತ ತಿರುಗಿದಳು.

"ಸುಳ್ಳ ಯಾಕ ಹೇಳಿದಿ ಯವ್ವಾ?"

"ಖರೆ ಹೇಳಿದ್ರ ನೀ ಕುಡಿತಿದ್ದಿಲ್ಲ. ಸಂಜಿಕೆ ಮತ್ತ ಕರ್ದು ಬರ್ತೇನಿ. ನಾಳಿ ತರ್ತೇನಿ."

ಗುಡ್ಡದಲ್ಲಿ ಆಕೆ ಬಾಯಿ ಬಿಗಿಹಿಡಿದದ್ದು ಯಾಕೆಂದು ರಾಜಮಹ್ಮದನಿಗೆ ಆಗ ತಿಳಿಯಿತು. ಬುಟ್ಟಿ ಕೆಳಗಿಳಿಸಿ, "ತಪ್ಪ ಮಾಡಿದೆನೇನ ಅಕ್ಕಾ?" ಎಂದ.

ಪದ್ಮವ್ವ ತೊಡೆಯ ಮೇಲಿನ ಕೂಸನ್ನು ನೋಡಿದಳು. "ಕಾಕಾ, ನಿಮ್ಮ ಮನ್ಯಾಗ ಮಕ್ಕಳೆಷ್ಟ?"

"ಮೂರವ್ವಾ. ಸಣ್ಣದಿನ್ನೂ ಅಂಬೆಗಾಲ ಇಡತೈತಿ."

"ಮೂರ ಮಕ್ಕಳ ಅಪ್ಪನ್ನ ಉಳಸಿದ್ದಕ್ಕ ಸಿಟ್ಟ ಮಾಡ್ಕೊಂಡು ಹೋಗೋ ತಾಯಿ ಅದಾಳೇನ ನಮ್ಮ ಗುಡ್ಡದಾಗ? ಹೋದ್ರ ಹೋಗ್ಲಿ ಬಿಡು! ತಾ ಇಲ್ಲಿ ಆ ವಾಟಗಾ."

ಬಟ್ಟಲು ಇಸಿದುಕೊಂಡು, ಮೂಗು ಮುಚ್ಚಿ ಗಟಗಟನೆ ಕುಡಿದಳು.

ಅಂದು ಸಂಜೆ ಏನೂ ಆಗಲಿಲ್ಲ. ಸೋಮವ್ವ ಗುಡ್ಡಕ್ಕೆ ಹೋಗಿ ಮತ್ತೆ ಬಳ್ಳಿಯನ್ನು ಕರೆದು ಬಂದಳು. ಮುಂಜಾನೆ ಮತ್ತೆ ಬೇರು ತಂದಳು, ಯಾರೊಡನೆಯೂ ಮಾತಾಡದೆ. ಒಲೆಯ ಮುಂದೆ ಕೂತು ಅದನ್ನು ಜಜ್ಜುತ್ತಿರುವಾಗ ಹಿಂದಿನಿಂದ ಸಣ್ಣ ಸಪ್ಪಳ ಬಂತು. ಎದೆಗೆ ಬಾಯಿ ಹಚ್ಚಿ, ಬಿಟ್ಟು ಅಳುತ್ತಿದ್ದ ಕೂಸು ಇಂದು ಬಿಡುತ್ತಿರಲಿಲ್ಲ. ಗುಟುಕು. ಮತ್ತೊಂದು ಗುಟುಕು.

ಸೋಮವ್ವ ತಿರುಗಿ ನೋಡಲಿಲ್ಲ. ಕೈಯಲ್ಲಿನ ಗುಂಡುಕಲ್ಲನ್ನು ಸಪ್ಪಳವಾಗದಂತೆ ಕೆಳಗಿಟ್ಟು, ಕಿವಿಗೊಟ್ಟು ಕೂತಳು.