ಕೊನೆಯ ಬಾಗಿಲ ಹಿಂದಿನ ಪೆಟ್ಟಿಗೆ

ಇಪ್ಪತ್ತಾರು ವರ್ಷಗಳಿಂದ ಅದೇ ಹೆಣ್ಣುಮಕ್ಕಳ ಶಾಲೆಯ ಶೌಚಾಲಯ ತೊಳೆಯುತ್ತಿದ್ದ ಆಯಮ್ಮನಿಗೆ ಮಕ್ಕಳು ಇಟ್ಟಿದ್ದ ಹೆಸರು ಫಿನಾಯಿಲಮ್ಮ. ಅವಳೇನೂ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಮೂಗಿನಲ್ಲೇ ಸೀಟಿ ಹೊಡೆಯುವ ಗಣಿತದ ಮೇಷ್ಟ್ರಿಗೆ ಕುಕ್ಕರ್ ಎಂದೂ, ಯಾರಾದರೂ ಕೆಮ್ಮಿದರೂ ಒಂದು ಸುತ್ತೋಲೆ ಹೊರಡಿಸುವ ಹೆಡ್‌ಮಾಸ್ಟರಿಗೆ ಸುತ್ತೋಲೆ ಸಾಹೇಬರು ಎಂದೂ ನಾಮಕರಣ ಮಾಡಿದ್ದು ಅವಳೇ. ಬೆಳಗ್ಗೆ ಅವಳ ಬಾಯಿಂದ ಬಿದ್ದ ಹೆಸರು ಊಟದ ಹೊತ್ತಿಗೆ ಶಾಲೆಯೆಲ್ಲ ಓಡಾಡುತ್ತಿತ್ತು. ಏಳು ಮಂದಿ ಹೆಡ್‌ಮಾಸ್ಟರುಗಳು ಬಂದು ಹೋದರು, ಅವರು ತಂದ ಶಿಸ್ತು ಒಂದೂ ಉಳಿಯಲಿಲ್ಲ. ಅವಳಿಟ್ಟ ಹೆಸರುಗಳು ಮಾತ್ರ ಗಟ್ಟಿಯಾಗಿ ಉಳಿದವು. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು.

ಆ ವರ್ಷ ಮೇಲಿನಿಂದ ಆದೇಶ ಬಂತು: ಮಕ್ಕಳು ಮಕ್ಕಳನ್ನು ಪೀಡಿಸದಂತೆ ಪ್ರತಿ ಶಾಲೆಯಲ್ಲೂ ದೂರು ಪೆಟ್ಟಿಗೆ ಇರಬೇಕು. ಸುತ್ತೋಲೆ ಸಾಹೇಬರು ಬೀಗವಿರುವ ಕೆಂಪು ಪೆಟ್ಟಿಗೆ ಮಾಡಿಸಿ, ತಮ್ಮ ಕೋಣೆಯ ಬಾಗಿಲ ಪಕ್ಕ, ಎಲ್ಲ ತರಗತಿಗಳಿಗೂ ಕಾಣುವಂತೆ ಗೋಡೆಗೆ ಜಡಿಸಿದರು. ರಿಬ್ಬನ್ ಕತ್ತರಿಸಿದ್ದು ಶಾಲೆಯ ನಾಯಕಿ, ಯಾವ ಸಮಾರಂಭವಿದ್ದರೂ ಸ್ವಾಗತ ಭಾಷಣ ಬಿಗಿಯುವ ಹುಡುಗಿ. ಮೂರು ತಿಂಗಳ ಮೇಲೆ ಪೆಟ್ಟಿಗೆ ತೆರೆದರೆ ಸಿಕ್ಕಿದ್ದು ಎರಡು ಚಾಕಲೇಟ್ ಕಾಗದ, ಒಂದು ಬಸ್ ಟಿಕೆಟ್. ನಮ್ಮಲ್ಲಿ ಪೀಡನೆ ಶೂನ್ಯ ಎಂದು ಮೇಲಕ್ಕೆ ವರದಿ ಹೋಯಿತು. ಅಷ್ಟು ಜನರ ಕಣ್ಣೆದುರು ಚೀಟಿ ಹಾಕಲು ಯಾವ ಮಗುವಿಗೆ ಹುಚ್ಚು ಹಿಡಿದಿತ್ತು?

ಶೂನ್ಯ ಎಷ್ಟು ದೊಡ್ಡದು ಎಂದು ಆಯಮ್ಮನಿಗೆ ಗೊತ್ತಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ, ದರ್ಜಿಯ ಮಗಳು, ಬೆಳಗಿನಿಂದ ಸಂಜೆಯವರೆಗೂ ಶೌಚಾಲಯದ ಕಡೆ ತಲೆ ಹಾಕುತ್ತಿರಲಿಲ್ಲ. ಒಳಗೆ ಹೋದರೆ ನಾಯಕಿಯ ಗುಂಪು ಹೊರಗಿನಿಂದ ಚಿಲಕ ಹಾಕಿ, ಮೇಲಿನಿಂದ ಮಗ್ಗಿನಲ್ಲಿ ನೀರು ಸುರಿಯುತ್ತಿತ್ತು. ಆಯಮ್ಮ ಓಡಿಬರುವಷ್ಟರಲ್ಲಿ ಎಲ್ಲರೂ ನಲ್ಲಿಯ ಬಳಿ ಏನೂ ಅರಿಯದವರಂತೆ ಕೈ ತೊಳೆಯುತ್ತ ನಿಂತಿರುತ್ತಿದ್ದರು. ಊಟದ ಹೊತ್ತಿನಲ್ಲಿ ಹುಡುಗಿ ಪೊರಕೆ, ಬಕೆಟ್ಟು ಇಡುವ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದಳು. ತೆಳ್ಳನೆ ಮೈ, ನೆಟ್ಟಗೆ ನಿಂತ ಕೂದಲು. ವರ್ಷದ ಮೊದಲ ದಿನವೇ ಆಯಮ್ಮ ಅವಳಿಗೆ ಪ್ರೀತಿಯಿಂದ ಕಡ್ಡಿಪೊರಕೆ ಎಂದು ಹೆಸರಿಟ್ಟಿದ್ದಳು. ಬಾರೇ ಕಡ್ಡಿಪೊರಕೆ ಎಂದು ಕರೆದು, ಕೂರಲು ಬಕೆಟ್ಟು ಬೋರಲು ಹಾಕಿ ಕೊಡುತ್ತಿದ್ದಳು.

ತರಗತಿಯ ಟೀಚರಿಗೆ ಆಯಮ್ಮ ಹೇಳಿದರೆ, ಅವರು ಹಾಜರಿ ಪುಸ್ತಕದಿಂದ ತಲೆಯೆತ್ತದೆ, ಅದೆಲ್ಲ ಮಕ್ಕಳಾಟ ಎಂದರು. ಒಂದು ದಿನ ಹುಡುಗಿ ಡಬ್ಬಿಯನ್ನೂ ತೆರೆಯಲಿಲ್ಲ. ಈ ತಿಂಗಳು ಮುಗಿದರೆ ಶಾಲೆ ಬಿಡುತ್ತೇನೆ, ಅಪ್ಪನೂ ಒಪ್ಪಿದ್ದಾನೆ, ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂರುತ್ತೇನೆ ಎಂದಳು. ಆಯಮ್ಮನೂ ಐದನೇ ತರಗತಿಗೇ ಶಾಲೆ ಬಿಟ್ಟವಳು. ಮತ್ತೆ ಶಾಲೆಯೊಳಗೆ ಕಾಲಿಟ್ಟದ್ದು ಪೊರಕೆ ಹಿಡಿದುಕೊಂಡೇ.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಸ್ಕ್ರೂಡ್ರೈವರ್ ತಂದು ಕೆಂಪು ಪೆಟ್ಟಿಗೆ ಕಳಚಿ, ಶೌಚಾಲಯದ ಕೊನೆಯ ಬಾಗಿಲ ಹಿಂದೆ ಕೂರಿಸಿದಳು. ಒಳಗೆ ಚಿಲಕ ಹಾಕಿಕೊಂಡು ಬರೆದರೆ ನರಪಿಳ್ಳೆಗೂ ಗೊತ್ತಾಗದು. ಬಾಗಿಲುಗಳ ಹೊರಗಿನ ಚಿಲಕಗಳನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಸೋಮವಾರ ಸಾಹೇಬರು ಪೆಟ್ಟಿಗೆ ಕಳುವಾಗಿದೆ ಎಂದು ಸುತ್ತೋಲೆ ಹೊರಡಿಸಿದರು. ಅದನ್ನು ತರಗತಿಯಿಂದ ತರಗತಿಗೆ ಹೊತ್ತು ತಿರುಗಿದವಳೂ ಆಯಮ್ಮನೇ. ಮಕ್ಕಳೆಲ್ಲ ಪೆಟ್ಟಿಗೆ ನೋಡಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ.

ಎರಡು ವಾರಕ್ಕೆ ಪೆಟ್ಟಿಗೆಯ ಸೀಳಿನಿಂದ ಚೀಟಿಗಳು ಹೊರಗೆ ಇಣುಕತೊಡಗಿದವು. ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಆಯಮ್ಮ ಅದನ್ನು ಒಯ್ದು ಸಾಹೇಬರ ಮೇಜಿನ ಮೇಲಿಟ್ಟಳು.

‘ಎಲ್ಲಿತ್ತಮ್ಮ ಇದು?’

‘ಕಕ್ಕಸಲ್ಲಿ, ಸಾರ್.’

ಕೆಲಸದಿಂದ ಕಿತ್ತೊಗೆಯುತ್ತೇನೆ ಎಂದು ಕೂಗಾಡುತ್ತಲೇ ಸಾಹೇಬರು ಬೀಗ ತೆಗೆದರು. ಮೂವತ್ತೊಂಬತ್ತು ಚೀಟಿಗಳು. ಓದುತ್ತ ಓದುತ್ತ ಅವರ ದನಿ ಇಳಿಯಿತು. ಹನ್ನೊಂದರಲ್ಲಿ ನಾಯಕಿಯ ಹೆಸರಿತ್ತು. ಆಮೇಲೆ ಒಂದು ಚೀಟಿಯನ್ನು ಎರಡು ಸಲ ಓದಿ, ಆಯಮ್ಮನ ಕಡೆ ತಳ್ಳಿದರು. ಅವಳು ಅಕ್ಷರ ಕೂಡಿಸಿ ಓದಿದಳು.

‘ನನಗೆ ಕಡ್ಡಿಪೊರಕೆ ಅಂತ ಮೊದಲು ಹೆಸರಿಟ್ಟಿದ್ದು ಆಯಮ್ಮ. ಆಮೇಲೆ ಎಲ್ಲರೂ ಹಾಗೇ ಕರೆದರು. ಪೊರಕೆ ಇರಬೇಕಾದ್ದು ಪೊರಕೆ ಕೋಣೆಯಲ್ಲಿ ಅಂತ ನನ್ನನ್ನು ಅಲ್ಲಿಗೆ ತಳ್ಳಿದರು. ಆಯಮ್ಮ ಒಳ್ಳೆಯವರು. ಆದರೆ ಅವರೂ ಹಾಗೆ ಕರೆಯೋದು ನಿಲ್ಲಿಸಬೇಕು.’

ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮೊದಲ ವರ್ಷ ಫಿನಾಯಿಲಮ್ಮ ಎಂದು ಕರೆಸಿಕೊಂಡ ದಿನ ತಾನು ಮನೆಗೆ ಹೋಗಿ, ಮೂರು ಸಲ ಸೋಪು ಹಚ್ಚಿ ಕೈ ತೊಳೆದು, ಮೂಸಿ ನೋಡಿಕೊಂಡಿದ್ದು ನೆನಪಾಯಿತು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಸಾಹೇಬರಿಗೆ ಪಾರಾಗುವ ದಾರಿ ಕಂಡಿತು. ‘ಇದನ್ನ ಹರಿದು ಹಾಕ್ತೀನಿ ಬಿಡಮ್ಮ, ಮಕ್ಕಳಾಟ. ಉಳಿದಿದ್ದನ್ನ ಮುಂದೆ ನೋಡೋಣ. ನೀನೂ ಸುಮ್ನಿರು, ನಾನೂ ಸುಮ್ನಿರ್ತೀನಿ.’

‘ಮಕ್ಕಳಾಟ ಅಲ್ಲ ಸಾರ್, ತಪ್ಪು ನಂದೇ,’ ಎಂದಳು ಆಯಮ್ಮ. ‘ಮೊದಲು ನನ್ನ ಚೀಟಿ ತಗೊಳ್ಳಿ, ಏನು ಶಿಕ್ಷೆಯೋ ಕೊಡಿ. ಆಮೇಲೆ ಮಿಕ್ಕ ಮೂವತ್ತೆಂಟು.’

ಆಯಮ್ಮನ ಮೇಲಿನ ದೂರು ದಾಖಲಾದ ಮೇಲೆ ನಾಯಕಿಯ ಮೇಲಿನದನ್ನು ನುಂಗುವಂತಿರಲಿಲ್ಲ. ಆಯಮ್ಮನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ನಾಯಕಿಯ ಬ್ಯಾಡ್ಜು ಹೋಯಿತು, ಗುಂಪಿನವರ ಅಪ್ಪ ಅಮ್ಮಂದಿರು ಬಂದು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತರು. ಊಟದ ಹೊತ್ತಿನಲ್ಲಿ ನಲ್ಲಿಯ ಬಳಿ ಟೀಚರುಗಳು ಸರದಿಯಂತೆ ನಿಲ್ಲಬೇಕೆಂದು ಸುತ್ತೋಲೆ ಹೊರಟಿತು. ಸಾಹೇಬರ ಜೀವಮಾನದಲ್ಲಿ ಉಪಯೋಗಕ್ಕೆ ಬಂದ ಮೊದಲ ಸುತ್ತೋಲೆ ಅದು. ಪೆಟ್ಟಿಗೆ ಕೊನೆಯ ಬಾಗಿಲ ಹಿಂದಕ್ಕೇ ವಾಪಸಾಯಿತು.

ಮರುದಿನ ಬೆಳಗ್ಗೆ ಆಯಮ್ಮ ಗೇಟಿನ ಬಳಿ ಕಾದು ನಿಂತು, ದರ್ಜಿಯ ಮಗಳನ್ನು ಅವಳ ಪೂರ್ತಿ ಹೆಸರು ಹಿಡಿದು ಕರೆದಳು. ಹುಡುಗಿ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದಳು. ಆಯಮ್ಮ ಇನ್ನೊಂದು ಸಲ ಕರೆದು, ತಪ್ಪಾಯಿತಮ್ಮ ಎಂದಳು. ಮಧ್ಯಾಹ್ನ ಹುಡುಗಿ ಡಬ್ಬಿ ಹಿಡಿದು ಪೊರಕೆ ಕೋಣೆಯನ್ನು ದಾಟಿ, ಎಲ್ಲರೂ ಕೂರುವ ಜಗುಲಿಗೆ ಹೋದಳು.

ಹೊಸ ತಿಂಗಳ ಮೊದಲ ದಿನ, ಟೀಚರು ಆಚೆ ಹೋದ ಸಮಯ ನೋಡಿ ಆಯಮ್ಮ ಹಾಜರಿ ಪುಸ್ತಕ ತೆರೆದಳು. ಒದ್ದೆ ಬೆರಳನ್ನು ಒರೆಸಿಕೊಂಡು, ಸಾಲಿನಿಂದ ಸಾಲಿಗೆ ಇಳಿದು, ಆ ಹೆಸರಿನ ಮುಂದೆ ಹಾಜರಿ ಬಿದ್ದಿದೆಯೇ ಎಂದು ಅಕ್ಷರ ಕೂಡಿಸಿ ನೋಡಿದಳು. ಬಿದ್ದಿತ್ತು.