ಹಳ್ಳದಮ್ಮನನ್ನು ಬೈಯುತ್ತಿದ್ದ ದೊಡ್ಡವ್ವ

ನಮ್ಮ ದೊಡ್ಡವ್ವ ಪುಟ್ಟಮಾದಮ್ಮ ದೇವರಿಗೆ ಕೈ ಮುಗಿದದ್ದಕ್ಕಿಂತ ದೇವರನ್ನು ಬೈದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ದಿನವಿಡೀ ಯಾರದೋ ಹೊಲದಲ್ಲಿ ಚೆಂಡುಹೂ ಬಿಡಿಸಿ, ಹಳದಿಗಟ್ಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವಳು ಬೇವಿನ ಮರದ ಬುಡಕ್ಕೆ ಬಂದಳೆಂದರೆ ಹಳ್ಳದಮ್ಮನಿಗೆ ಅಂದಿನ ಮಂಗಳಾರತಿ ಶುರು.

"ಏನಮ್ಮಿ, ಕಣ್ ಮುಚ್ಕಂಡು ಕುಂತಿದ್ದೀಯಾ? ಕೆಂಪಿ ಮಗ ಜರ ಬಂದು ಮಲಗವ್ನೆ, ನಿಂಗೆ ಕಾಣಕ್ಕಿಲ್ವಾ? ನಾಳಿಕ್ಕೆ ಎದ್ದು ಓಡಾಡ್ಬೇಕು ಅವ್ನು. ಇಲ್ದಿದ್ರೆ ಈ ಸಲ ನಿಂಗೆ ತಂಬಿಟ್ಟಿಲ್ಲ, ನೋಡ್ಕಾ!"

ಹೀಗೆ ಬೈದವಳು ಅಲ್ಲಿಗೇ ಬಿಡುತ್ತಿರಲಿಲ್ಲ. ಆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದಳು. ದೇವರನ್ನೂ ಕೇಳಿ ಡಾಕ್ಟರನ್ನೂ ಕೇಳ್ತೀಯಲ್ಲ ಅಂತ ನಾನು ರೇಗಿಸಿದರೆ, "ಅಮ್ಮ ಏನು ಸೂಜಿ ಚುಚ್ಚಾಳಾ? ಅವ್ಳ ಕೆಲ್ಸ ಅವ್ಳಿಗೆ, ಅವ್ರ ಕೆಲ್ಸ ಅವ್ರಿಗೆ" ಅನ್ನುತ್ತಿದ್ದಳು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ. ಭೀಮನಬೀಡಿಗೆ ಹೋಗುವ ದಾರಿಯಲ್ಲಿ ಸಿಗುವ ನಮ್ಮ ಹಟ್ಟಿಯೇ ಅವಳ ಸಂಸಾರ. ಕೂಲಿಯವರ ಹಟ್ಟಿ ಅದು. ನಾನು ಚಾಮರಾಜನಗರದಲ್ಲಿ ನೌಕರಿಗೆ ಸೇರಿದ ಮೇಲೂ ಹಳ್ಳದಮ್ಮನ ಹಬ್ಬವನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಹಳ್ಳದಮ್ಮನಿಗೆ ಗುಡಿಯಿರಲಿಲ್ಲ, ವಿಗ್ರಹವಿರಲಿಲ್ಲ. ಯುಗಾದಿ ಕಳೆದ ಮೇಲಿನ ಮಂಗಳವಾರ ಬೆಳಿಗ್ಗೆ ಹೆಂಗಸರೆಲ್ಲ ಹಳ್ಳಕ್ಕಿಳಿದು, ನೀರಿನಲ್ಲಿ ನುಣುಪಾದ ಕಲ್ಲುಗಳನ್ನು ಆಯ್ದು, ಅರಿಸಿನ ಹಚ್ಚಿ, ಮಡಿಲಲ್ಲಿಟ್ಟುಕೊಂಡು ಬಂದು ಬೇವಿನ ಬುಡದಲ್ಲಿ ಕೂರಿಸುತ್ತಿದ್ದರು. ಅದೇ ಅಮ್ಮ. ಸಂಜೆಯಾಗುತ್ತಲೇ ಅವಳನ್ನು ಮತ್ತೆ ನೀರಿಗೆ ಬಿಟ್ಟು ಬರುತ್ತಿದ್ದರು. ಉಳಿದ ದಿನಗಳಲ್ಲಿ ಆ ಮರದಡಿ ಇರುತ್ತಿದ್ದದ್ದು ಹಬ್ಬದ ಅಡುಗೆಗೆ ಹೂಡಿದ ಮೂರು ಒಲೆಗುಂಡು ಅಷ್ಟೇ. ಪೂಜೆ ದೊಡ್ಡವ್ವನದು, ಅವಳ ಅತ್ತೆಯ ಕಾಲದಿಂದ ಬಂದದ್ದು.

ಮಂತ್ರ ಒಂದೂ ಅವಳಿಗೆ ಬರುತ್ತಿರಲಿಲ್ಲ. ಅವಳ ಪೂಜೆಯೆಂದರೆ ಪಾಲು ಹಾಕುವುದು. ಒಂದೇ ಹಂಡೆಯಲ್ಲಿ ಬೆಂದ ಕೋಳಿಸಾರು, ಒಂದೇ ರಾಶಿ ಮುದ್ದೆ, ಮನೆಗೊಂದು ಪಾಲು. ಬಾರದವರದ್ದನ್ನು ಅವಳೇ ಹೊತ್ತು ಅವರ ಬಾಗಿಲಿಗೆ ಮುಟ್ಟಿಸಬೇಕು. ಯಾರಾದರೂ ಜಗಳವಾಡಿ ಮನೆಯಲ್ಲೇ ಉಳಿದಿದ್ದರೆ, "ಮುನಿಸ್ಕಂಡೋನ್ ಪಾಲು ಮೊದ್ಲು ಎತ್ತಿಡ್ರವ್ವಾ, ಅವ್ನೇ ಹಸ್ಕಂಡಿರೋದು" ಎನ್ನುತ್ತಿದ್ದಳು.

ಇಂಥ ದೇವರ ಮೇಲೂ ಕಣ್ಣು ಬಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಎಲೆಕ್ಷನ್ನಿಗೆ ನಿಲ್ಲುವ ಆಸೆಯಿದ್ದ ಒಬ್ಬ ಮುಖಂಡ ತನ್ನ ಬೆಂಬಲಿಗರನ್ನು ಕೂಡಿಸಿಕೊಂಡು ಒಂದು ಸಮಿತಿ ಮಾಡಿದ. ನಮ್ಮನ್ನು ಉದ್ಧಾರ ಮಾಡುತ್ತಾರಂತೆ! ನಿಮ್ಮ ಹಳ್ಳದಮ್ಮ ಪಾರ್ವತಿಯ ಅಂಶ, ಅವಳಿಗೆ ಕೋಳಿ ಬಡಿಸುವುದು ಪಾಪ, ಕಾಂಕ್ರೀಟಿನ ಗುಡಿ ಕಟ್ಟಿ ಶಾಸ್ತ್ರೋಕ್ತವಾಗಿ ಪೂಜೆ ಮಾಡಿಸುತ್ತೇವೆ ಎಂದರು. ಹಟ್ಟಿಗೆ ಚರಂಡಿ ಬೇಕೆಂದು ವರ್ಷಗಟ್ಟಲೆ ಬಾಯಿ ಬಡಿದುಕೊಂಡಾಗ ಇವರೆಲ್ಲ ಯಾವ ಹುತ್ತದಲ್ಲಿದ್ದರೋ! ಹೊಟ್ಟೆ ಉರಿದದ್ದು ಅದಕ್ಕಲ್ಲ. ಅವರ ಜೊತೆ ನಿಂತಿದ್ದವನು ನಮ್ಮ ಹಟ್ಟಿಯಲ್ಲೇ ಹುಟ್ಟಿ, ದೊಡ್ಡವ್ವನ ಕೈತುತ್ತು ತಿಂದು ಬೆಳೆದ ಸಿದ್ದರಾಜು. ಬೇಗೂರಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ. ಗುಡಿಗೆ ಸಿಮೆಂಟೆಲ್ಲ ನನ್ನದೇ ಎಂದು ಮಾತು ಕೊಟ್ಟಿದ್ದನಂತೆ.

ದೊಡ್ಡವ್ವ ಬೇಡವೆಂದಳು. ಆ ವರ್ಷದ ಹಬ್ಬದ ದಿನ, ಹಂಡೆ ಕುದಿಯುತ್ತಿರುವಾಗಲೇ ಸಮಿತಿಯವರು ಪೊಲೀಸರನ್ನು ಕರೆತಂದರು. ದೇವರ ಮುಂದೆ ಪ್ರಾಣಿ ಕೊಯ್ಯಬಾರದು, ಕಾನೂನಿದೆ ಎಂದರು. ಇರಲಿ, ಒಪ್ಪೋಣ. ಎರಡು ದಿನದ ಹಿಂದೆ, ಭಾನುವಾರ, ಪೇಟೆಯ ಕೋಳಿ ಅಂಗಡಿಯ ಮುಂದೆ ಸಾಲು ನಿಂತಿದ್ದವರು ಇವರೇ ಅಲ್ಲವೇ? ಅಂಗಡಿಯಲ್ಲಿ ಸತ್ತ ಕೋಳಿಗೆ ಇಲ್ಲದ ಪಾಪ ನಮ್ಮ ಕೋಳಿಗೆ ಮಾತ್ರ ಎಲ್ಲಿಂದ ಬಂತು? ನಾನು ಹೀಗೆ ಕೂಗಾಡುತ್ತಿದ್ದಂತೆ ಸಮಿತಿಯವನೊಬ್ಬ ಹಂಡೆಯನ್ನು ಕಾಲಿನಿಂದ ಉರುಳಿಸಿದ. ಬಿಸಿ ಸಾರು ಮಣ್ಣಿನಲ್ಲಿ ಹರಿಯಿತು. ಮಕ್ಕಳು ತಟ್ಟೆ ಹಿಡಿದು ನಿಂತಿದ್ದವು. ಆ ತಟ್ಟೆಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ದೊಡ್ಡವ್ವ ಅಳಲಿಲ್ಲ. ಹಂಡೆಯ ತಳದಲ್ಲಿ ಉಳಿದದ್ದನ್ನು ಬಳಿದು ಎಲ್ಲರಿಗೂ ಒಂದೊಂದು ಸೌಟು ಹಾಕಿದಳು. ಅಮ್ಮನನ್ನು ಹಳ್ಳಕ್ಕೆ ಬಿಟ್ಟು ಬಂದಳು. ಆಮೇಲೆ ಎತ್ತಿಟ್ಟಿದ್ದ ಒಂದು ಸೌಟು ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬೇಗೂರಿನ ಬಸ್ಸಿಗೆ ಹೊರಟಳು. ಸಿದ್ದರಾಜುವಿನ ಪಾಲು!

"ನಿಂಗೆ ಮಾನ ಮರ್ಯಾದೆ ಇಲ್ವಾ ದೊಡ್ಡವ್ವಾ? ಪೊಲೀಸ್ರುನ್ನ ಕರ್ಸ್ದೋನ್ಗೆ ಪಾಲು ಕೊಟ್ಟೀಯಾ?" ಎಂದು ದಾರಿಗೆ ಅಡ್ಡ ನಿಂತೆ.

"ಅವ್ನು ನಮ್ಮ ಬುಟ್ಟೋಗವ್ನೆ, ದಿಟ. ನಾವು ಅವ್ನ ಬುಟ್ಟಿವಿ ಅಂತ ನಿಂಗೆ ಯಾರ್ ಯೋಳುದ್ರು ಕಣಮ್ಮಿ? ಸರಿ ಅತ್ಲಾಗೆ, ಬಸ್ ಓಯ್ತದೆ."

ಸಿದ್ದರಾಜು ಡಬ್ಬಿಯನ್ನು ಮುಟ್ಟಲಿಲ್ಲ. ಅವಳು ಅದನ್ನು ಅಂಗಡಿಯ ಮೂಲೆಯಲ್ಲಿಟ್ಟು ಬಂದಳು. ಎರಡು ದಿನ ಬಿಟ್ಟು ಅವನ ಆಳೊಬ್ಬ ಮುಚ್ಚಳ ಸಹ ತೆಗೆಯದ ಡಬ್ಬಿಯನ್ನು ತಂದು ಜಗುಲಿಯ ಮೇಲಿಟ್ಟು ಹೋದ.

ಹಬ್ಬದ ಮರುದಿನ ಬೆಳಿಗ್ಗೆ ಸಮಿತಿಯವರು ವಾದ್ಯ ಊದಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಬಂದರು. ಬೇವಿನ ಬುಡದಲ್ಲಿದ್ದ ಮೂರು ಕಪ್ಪು ಗುಂಡುಗಳಿಗೆ ಅಡ್ಡಬಿದ್ದು, ಹಾಲು ಸುರಿದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ತಲತಲಾಂತರದಿಂದ ಎಣ್ಣೆ ಕುಡಿದು ಕಪ್ಪಾದ ಉದ್ಭವ ಶಿಲೆಗಳಂತೆ! ಅವು ನಮ್ಮ ಒಲೆಗುಂಡುಗಳು. ಹಿಂದಿನ ದಿನ ಹಂಡೆ ಹೊತ್ತ ಮಸಿ ಅದು. ಸಿದ್ದರಾಜು ಅಲ್ಲಿರಲಿಲ್ಲ, ಇದ್ದಿದ್ದರೆ ಹೇಳುತ್ತಿದ್ದನೇನೋ. ಆಮೇಲೆ ಗೊತ್ತಾದ ಮೇಲೂ ಅವನು ಬಾಯಿ ಬಿಡಲಿಲ್ಲ.

ಹಟ್ಟಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಪೇಟೆಗೆ ಹೋಗಿ ಸಾರಿ ಬರುತ್ತೇನೆ ಎಂದು ನಾನು ಹೊರಟರೆ ದೊಡ್ಡವ್ವ ಬಿಡಲಿಲ್ಲ. "ಕೈ ಮುಗೀಲಿ ಬುಡು. ಇಷ್ಟ್ ವರ್ಸ ನಮ್ಗೆ ಬೇಯ್ಸಾಕುದ್ ಒಲೆ. ಅದ್ಕೂ ಒಬ್ರು ಕೈ ಮುಗೀಬೇಕಲ್ವಾ?"

ನಗು ಬಹಳ ದಿನ ಉಳಿಯಲಿಲ್ಲ. ಬೇವಿನ ಮರ ಕಡಿದರು. ಅಲ್ಲೇ ಗುಡಿ ಎದ್ದಿತು, ಸುತ್ತ ಕಬ್ಬಿಣದ ಗೇಟು. ಒಲೆಗುಂಡುಗಳು ಹೊಸ ವಿಗ್ರಹದ ಪೀಠದಡಿಗೆ ಹೋದವು. ಪೂಜೆಗೆ ಹೊರಗಿನಿಂದ ಪೂಜಾರಿ ಬಂದ. ದೊಡ್ಡವ್ವನಿಗೂ ಒಂದು ಕೆಲಸ ಹೇಳಿ ಕಳಿಸಿದರು: ಅಂಗಳ ಗುಡಿಸಬೇಕಂತೆ, ತಿಂಗಳಿಗೆ ಸಂಬಳವಂತೆ!

"ಅಮ್ಮನ್ನ ಮಡ್ಲಲ್ಲಿ ಒತ್ಕಂಡ್ ತಿರುಗ್ದೋಳ್ಗೆ ಬಾಗ್ಲು ಗುಡ್ಸು ಅಂದಾರಾ!" ಆ ದಿನ ಮಾತ್ರ ಅವಳು ಊಟ ಮಾಡಲಿಲ್ಲ.

ಮರ, ಪೂಜೆ ಹೋದದ್ದಕ್ಕಿಂತ ಅವಳನ್ನು ಹಣ್ಣು ಮಾಡಿದ್ದು ಹಟ್ಟಿ ಒಡೆದದ್ದು. ಕೆಲವರು ಪೊಲೀಸಿಗೆ ಹೆದರಿದರು. ಕೆಲವರಿಗೆ ಹೊಸ ಗುಡಿಯ ಗಂಟೆ ಹಿತವಾಯಿತು. ಮುಂದಿನ ವರ್ಷ ದೊಡ್ಡವ್ವ ಹಬ್ಬವನ್ನು ತನ್ನ ಹಿತ್ತಿಲಲ್ಲಿ ಮಾಡಿದಳು. ಸಾರು ಅವರೆಕಾಳಿನದು. "ಕೋಳಿ ಇಲ್ದಿದ್ರೂ ಅಮ್ಮ ಬತ್ತಾಳೆ. ಜನ ಇಲ್ದಿದ್ರೆ ಯಾಕ್ ಬತ್ತಾಳೆ?" ಬಂದವರು ಬೆರಳೆಣಿಕೆಯಷ್ಟು. ಉಳಿದ ಪಾಲುಗಳನ್ನೆಲ್ಲ ಊದಿದ ಕಾಲಿನಲ್ಲೇ ಮನೆಮನೆಗೆ ಹೊತ್ತಳು. ಅದರ ಮುಂದಿನ ವರ್ಷ ಕೆಂಪಿ ತನ್ನ ಹಿತ್ತಿಲು ಕೊಟ್ಟಳು. ಹೀಗೆ ಹಬ್ಬ ಹಿತ್ತಿಲಿಂದ ಹಿತ್ತಿಲಿಗೆ ತಿರುಗಿತು, ಜನ ಒಬ್ಬೊಬ್ಬರಾಗಿ ಮರಳಿದರು. ಯಾವ ಹಿತ್ತಿಲಿಗೆಂದು ಪೊಲೀಸರನ್ನು ಕಳಿಸುತ್ತಾರೆ?

ಬೇಗೂರಿನ ಡಬ್ಬಿ ಮಾತ್ರ ಪ್ರತಿ ವರ್ಷವೂ ಹಾಗೇ ಹಿಂದಕ್ಕೆ ಬರುತ್ತಿತ್ತು. ಗುಡಿಯ ಪ್ರತಿಷ್ಠೆಯ ದಿನ ಸಿದ್ದರಾಜುವನ್ನು ಗೇಟಿನ ಹೊರಗೇ ನಿಲ್ಲಿಸಿದ್ದರೆಂದು ನಮಗೆ ತಡವಾಗಿ ತಿಳಿಯಿತು. ಅವನ ಸಿಮೆಂಟು ಗರ್ಭಗುಡಿಗೆ ಸಲ್ಲುತ್ತಿತ್ತು, ಅವನು ಸಲ್ಲುತ್ತಿರಲಿಲ್ಲ. ಥೂ, ಇವರ ಶಾಸ್ತ್ರಕ್ಕಿಷ್ಟು! ಅದು ನಮಗೆ ತಿಳಿದ ವರ್ಷದ ಹಬ್ಬಕ್ಕೆ ಡಬ್ಬಿ ಖಾಲಿಯಾಗಿ ಬಂತು. ದೊಡ್ಡವ್ವ ಮುಚ್ಚಳ ತೆಗೆದು ಮೂಸಿ, "ಸರ್ಯಾಗಿ ತೊಳೆಯಕ್ಕೂ ಬರಕ್ಕಿಲ್ಲ ಮುಂಡೇದ್ಕೆ" ಎಂದು ಬೈದು, ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ವರ್ಷವೇ ಅವಳು ಹೋದಳು. ಮಣ್ಣಿಗೆ ಒಯ್ಯುವ ದಾರಿ ಆ ಗುಡಿಯ ಮುಂದೆಯೇ ಹಾದು ಹೋಗುತ್ತದೆ. ಗೇಟಿನ ಹತ್ತಿರ ಸಮಿತಿಯವರೆಲ್ಲ ಕಾದಿದ್ದರು. ಮುಖಂಡನ ಕೈಯಲ್ಲಿ ಆಳೆತ್ತರದ ಹಾರ, ಪಕ್ಕದಲ್ಲಿ ಫೋಟೋ ತೆಗೆಯುವವನು. ಎಲೆಕ್ಷನ್ ಹತ್ತಿರ ಬಂದಿತ್ತು. "ದೇವಿಯ ಪರಮಭಕ್ತೆ. ಇಲ್ಲಿ ಸ್ವಲ್ಪ ಇಳಿಸಿ, ಗೌರವ ಸಲ್ಲಿಸುತ್ತೇವೆ" ಎಂದ. ಬದುಕಿದ್ದಾಗ ಅಂಗಳ ಗುಡಿಸಲು ಕರೆದವರು! ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಹೊತ್ತಿನಲ್ಲಿ ಮೊದಲು ಮಾತಾಡುತ್ತಿದ್ದವಳು ಚಟ್ಟದ ಮೇಲಿದ್ದಳು.

ಮುಂದಿನ ಬಲಗಡೆಗೆ ಹೆಗಲು ಕೊಟ್ಟವನು ಸಿದ್ದರಾಜು. ಅವನು ತಲೆ ಎತ್ತಿ ಮುಖಂಡನನ್ನು ನೋಡಲೂ ಇಲ್ಲ.

"ದಾರಿ ಬುಡಿ ಸ್ವಾಮಿ, ನಮ್ಮವ್ವಂಗೆ ಒತ್ತಾಯ್ತದೆ" ಎಂದ.

ಹಾರ ಹಿಡಿದವನು ಪಕ್ಕಕ್ಕೆ ಸರಿದ. ನಮ್ಮಲ್ಲಿ ಒಬ್ಬರೂ ನಿಲ್ಲಲಿಲ್ಲ.